ಸಾಲಿ ಮುಚ್ಚಿದಾಗ ಕೊಟ್ಟ ಬದಲಿಗಳು: ವಠಾರ ಶಾಲೆ, ಚಂದನ ಪಾಠ, ವಾಟ್ಸ್‌ಆ್ಯಪ್ ಮತ್ತು ರೇಷನ್, ಒಂದು ವಿಮರ್ಶೆ

ಮಹಾಮಾರಿ ಬಂದರೆ ಶಾಲೆ ಮುಚ್ಚಬೇಕೇ? ಉತ್ತರ ಹೇಳುವ ಮೊದಲು ಮುಚ್ಚಿದ ಶಾಲೆಯ ಬದಲಿಗೆ ಮಗುವಿಗೆ ಏನು ಕೊಟ್ಟರು, ಅದು ಎಷ್ಟರ ಮಟ್ಟಿಗೆ ಕೆಲಸ ಮಾಡಿತು ಎಂದು ನೋಡಬೇಕು. ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಸರ್ಕಾರಿ ಶಾಲೆಯ ಮಕ್ಕಳಿಗೆ 2020 ಮತ್ತು 2021ರಲ್ಲಿ ಸಿಕ್ಕ ಸೇವೆಗಳನ್ನು ಇಲ್ಲಿ ಒಂದೊಂದಾಗಿ ತೂಗಿದ್ದೇವೆ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. 8ನೇ ತರಗತಿಯಿಂದ ಮೇಲಿನವರಿಗೆ ಈ ಬದಲಿಗಳು ಅರ್ಧಮರ್ಧ ನಡೆದವು. 1ರಿಂದ 3ನೇ ತರಗತಿಯವರಿಗೆ, ಶಿಕ್ಷಕರೇ ಓಣಿಗೆ ಹೋಗಿ ಪಾಠ ಮಾಡಿದ ವಠಾರ ಶಾಲೆ ಒಂದನ್ನು ಬಿಟ್ಟು ಬೇರೆ ಯಾವುದೂ ನಡೆಯಲಿಲ್ಲ. ಅಂದಮೇಲೆ ಮುಂದೆ ಇಂಥ ಕಾಲ ಬಂದರೆ ಸಣ್ಣ ಮಕ್ಕಳ ಕೋಣೆಯನ್ನು ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು, ಎಲ್ಲಕ್ಕಿಂತ ಮೊದಲು ತೆರೆಯಬೇಕು. ನಮ್ಮಲ್ಲಿ ನಡೆದದ್ದು ಇದಕ್ಕೆ ಪೂರ್ತಿ ಉಲ್ಟಾ.

ಮುಚ್ಚಿದ್ದನ್ನೇ ತಪ್ಪು ಎನ್ನುವವರ ಜೊತೆ ನಾವಿಲ್ಲ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯವರದು. 76 ವರ್ಷದ ಹಿರಿಯರು 2020ರ ಮಾರ್ಚ್ 10ರಂದು ತೀರಿಕೊಂಡರು, ಎರಡು ದಿನದ ಮೇಲೆ ಅದು ಕೊರೊನಾ ಎಂದು ಖಚಿತವಾಯಿತು. ರೋಗ ಹೇಗೆ ಹಬ್ಬುತ್ತದೆ, ಮಕ್ಕಳಿಗೆ ಎಷ್ಟು ಅಪಾಯ ಎಂಬುದು ಗೊತ್ತಿಲ್ಲದ ಆ ವಾರಗಳಲ್ಲಿ ಬಾಗಿಲು ಹಾಕಿದ್ದು ಸರಿ. ಮೇ ತಿಂಗಳಲ್ಲಿ ಮುಂಬೈ, ಪುಣೆ ಕಡೆಗೆ ಗುಳೆ ಹೋದವರು ತಿರುಗಿ ಬಂದಾಗ ಶಾಲೆ, ಹಾಸ್ಟೆಲ್‌ಗಳನ್ನೇ ಕ್ವಾರಂಟೈನ್ ಕೇಂದ್ರ ಮಾಡಬೇಕಾಯಿತು. ಅದಕ್ಕೂ ಬೇರೆ ದಾರಿ ಇರಲಿಲ್ಲ.

ತಪ್ಪಿದ್ದು ಅವಧಿಯಲ್ಲಿ ಮತ್ತು ತೆರೆಯುವ ಸರದಿಯಲ್ಲಿ. 10ನೇ ತರಗತಿ 2021ರ ಜನವರಿ 1ಕ್ಕೆ ತೆರೆಯಿತು. 9ನೇ ತರಗತಿ ಫೆಬ್ರವರಿ 1ಕ್ಕೆ, 6ರಿಂದ 8 ಫೆಬ್ರವರಿ 22ಕ್ಕೆ ಬಂದವು. ಎರಡನೇ ಅಲೆಗೆ ಮತ್ತೆ ಎಲ್ಲ ಮುಚ್ಚಿತು. 1ರಿಂದ 5ನೇ ತರಗತಿಯವರು ಕೋಣೆಯೊಳಗೆ ಬಂದದ್ದು 2021ರ ಅಕ್ಟೋಬರ್ 25ಕ್ಕೆ, ಹೆಚ್ಚುಕಡಿಮೆ 19 ತಿಂಗಳ ಮೇಲೆ. ಈ ನಡುವೆ ಅದೇ ಕೋಣೆಗಳಲ್ಲಿ 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯ ಮತಗಟ್ಟೆಗಳಿದ್ದವು. 2021ರ ಏಪ್ರಿಲ್ 17ಕ್ಕೆ ಬಸವಕಲ್ಯಾಣದ ಉಪಚುನಾವಣೆಯೂ ಆಯಿತು. ಮತ ಹಾಕಲು ತೆರೆಯುವ ಕೋಣೆ ಅಕ್ಷರ ಕಲಿಯಲು ತೆರೆಯಬಾರದು ಎಂಬುದಕ್ಕೆ ವೈದ್ಯಕೀಯ ಕಾರಣ ಏನೂ ಇಲ್ಲ. ಪರೀಕ್ಷೆ ಇದ್ದವರಿಗೆ ಮೊದಲ ಪಾಳಿ, ಪರೀಕ್ಷೆ ಇಲ್ಲದವರಿಗೆ ಕೊನೆಯ ಪಾಳಿ, ಅಷ್ಟೇ ಲೆಕ್ಕ. ಡೆನ್ಮಾರ್ಕ್ 2020ರ ಏಪ್ರಿಲ್ ಮಧ್ಯದಲ್ಲೇ ಮೊದಲು ಸಣ್ಣ ಮಕ್ಕಳನ್ನು ಕರೆಯಿತು. ಸಣ್ಣವರಿಗೆ ದೂರದಿಂದ ಕಲಿಸಲಾಗದು ಎಂಬುದನ್ನು ಅಲ್ಲಿ ಲೆಕ್ಕಕ್ಕೆ ಹಿಡಿದಿದ್ದರು.

ಇನ್ನು ಒಂದೊಂದೇ ಸೇವೆಗೆ ಬರೋಣ, ಪ್ರತಿಯೊಂದಕ್ಕೂ ಐದಕ್ಕೆ ಇಷ್ಟು ಎಂದು ಅಂಕ ಕೊಟ್ಟಿದ್ದೇವೆ.

ವಾಟ್ಸ್‌ಆ್ಯಪ್ ಪಾಠಕ್ಕೆ ಐದಕ್ಕೆ ಒಂದು. ತರಗತಿಗೊಂದು ಗುಂಪು, ಬೆಳಿಗ್ಗೆ ಪುಟದ ಫೋಟೊ, ಸಂಜೆ ಮಗು ಬರೆದದ್ದರ ಫೋಟೊ ವಾಪಸ್. ದಿನಕ್ಕೆ 1.5 ಜಿಬಿಯ ರೀಚಾರ್ಜ್‌ಗೆ ಆಗ ತಿಂಗಳಿಗೆ 200 ರೂಪಾಯಿ ಆಸುಪಾಸು ಇತ್ತು, ಆದರೆ ತೊಡಕು ದುಡ್ಡಿಗಿಂತ ಫೋನ್ ಎಲ್ಲಿರುತ್ತದೆ ಎಂಬುದರದ್ದು. ಮನೆಗೊಂದೇ ಸ್ಮಾರ್ಟ್‌ಫೋನ್. "ಮೊಬೈಲ ಅವರಪ್ಪನ ಬಲ್ಲಿ ಅದರಿ, ಅಂವ ಹೊಲಕ್ಕ ಹೋಗ್ಯಾನ" ಎಂಬ ಉತ್ತರದ ಮುಂದೆ ಯಾವ ಯೋಜನೆಯೂ ನಿಲ್ಲುವುದಿಲ್ಲ. ಫೋನ್ ರಾತ್ರಿ ಮನೆಗೆ ಬಂದಾಗ ಅಣ್ಣನಿಗೆ ಒಂದು ಪಾಠ, ಅಕ್ಕನಿಗೆ ಒಂದು ಪಾಠ, ಕೊನೆಯದಕ್ಕೆ ನಿದ್ದೆ. ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕು. ವಾಪಸ್ ಬಂದ ಫೋಟೊದಲ್ಲಿ ಬರಹ ದುಂಡಾಗಿದ್ದರೆ ಬರೆದದ್ದು ಅಕ್ಕನೋ ತಂಗಿಯೋ ತಿಳಿಯುವುದಿಲ್ಲ. ತಪ್ಪನ್ನು ಕೆಂಪು ಗೆರೆ ಎಳೆದು ಕಳಿಸಿದರೂ ಮಗು ಅಲ್ಲಿ ಯಾಕೆ ಎಡವಿತು ಎಂಬುದು ಶಿಕ್ಷಕರಿಗೆ ಕಾಣುವುದಿಲ್ಲ.

ಚಂದನ ವಾಹಿನಿಯ ಸಂವೇದ ಪಾಠಗಳಿಗೆ ಐದಕ್ಕೆ ಎರಡೂವರೆ, ಅದೂ 8, 9, 10ನೇ ತರಗತಿಯವರಿಗೆ ಮಾತ್ರ. ಪಾಠಗಳ ತಯಾರಿ ಚೊಕ್ಕವಾಗಿತ್ತು. ಒಂದೊಂದು ಅರ್ಧ ಗಂಟೆ, ವಿಷಯ ನೇರ, ವಿಜ್ಞಾನದ ಚಿತ್ರಗಳು ಕಪ್ಪುಹಲಗೆಗಿಂತ ಸ್ಪಷ್ಟ. ನೋಟ್ಸ್ ಮಾಡಿಕೊಳ್ಳುವ ರೂಢಿ ಇರುವ ಹತ್ತನೇ ತರಗತಿಯ ಹುಡುಗಿಗೆ ಇದು ಕೈಹಿಡಿಯಿತು. ಕೆಟ್ಟದ್ದು ಎರಡು ಕಡೆ. ಕರೆಂಟ್ ಹೋಗಿ ಅರ್ಧ ಪಾಠ ತಪ್ಪಿದರೆ ಟಿವಿಯಲ್ಲಿ ಹಿಂದಕ್ಕೆ ಹೋಗಲಾಗದು. ಯೂಟ್ಯೂಬ್‌ನಲ್ಲಿ ಅದೇ ಪಾಠ ನೋಡಬೇಕೆಂದರೆ ಮತ್ತೆ ಫೋನಿನ ತಾಪತ್ರಯ. ಎರಡನೆಯದು ಭಾಷೆ. ಔರಾದ, ಭಾಲ್ಕಿಯ ಮರಾಠಿ ಮಾಧ್ಯಮದ ಮಗುವಿಗೆ, ಕಲಬುರಗಿ ನಗರದ ಉರ್ದು ಮಾಧ್ಯಮದ ಮಗುವಿಗೆ ಕನ್ನಡದ ಗಣಿತ ಪಾಠ ಅಷ್ಟು ಸುಲಭಕ್ಕೆ ದಕ್ಕುವುದಿಲ್ಲ.

ಒಂದನೇ ತರಗತಿಗೆ ಟಿವಿ ಯಾಕೆ ನಡೆಯದು ಎಂಬುದನ್ನು ಬಿಡಿಸಿ ಹೇಳಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಆಗ 1ರಿಂದ 3ನೇ ತರಗತಿಗೆ ನಲಿಕಲಿ ಪದ್ಧತಿ ಇತ್ತು. ಅಲ್ಲಿ ಅಕ್ಷರ ಕಲಿಸುವುದು ಅ, ಆ, ಇ, ಈ ಸಾಲಿನಲ್ಲಿ ಅಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಈ ಐದರಿಂದಲೇ ಅರಸ, ಸರ, ದರ, ಗರಗಸ ಎಂದು ಪದ ಕಟ್ಟಿಸುತ್ತಾರೆ. ಆಮೇಲೆ ಜ, ವ, ಮ, ಬ, ನ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಪ್ರತಿ ಮಗು ತನ್ನದೇ ಮೆಟ್ಟಿಲಲ್ಲಿ ಇರುತ್ತದೆ. ಪಕ್ಕ ಕೂತ ಶಿಕ್ಷಕಿ ಮಗುವಿನ ಬೆರಳು ನೋಡುತ್ತಾರೆ. ಪ ಮತ್ತು ವ, ವ ಮತ್ತು ಮ ಬೆರೆಸಿಕೊಂಡಿತೇ, ಕಾಗುಣಿತದಲ್ಲಿ ಕಿ ಮತ್ತು ಕೆ ಅದಲುಬದಲಾಯಿತೇ ಎಂದು ಆ ಕ್ಷಣಕ್ಕೇ ಹಿಡಿದು ತಿದ್ದುತ್ತಾರೆ. ಟಿವಿ ಮಗುವಿನ ಕಡೆ ನೋಡುವುದಿಲ್ಲ. ಅಕ್ಷರ ಬಲ್ಲ ತಾಯಿ ಮನೆಯಲ್ಲಿ ವರ್ಣಮಾಲೆ ಬಾಯಿಪಾಠ ಮಾಡಿಸಿದರೆ ಮಗು ಐವತ್ತು ಅಕ್ಷರ ಹಾಡಿನಂತೆ ಒಪ್ಪಿಸುತ್ತದೆ, ನಡುವಿನ ಒಂದನ್ನು ತೋರಿಸಿ ಕೇಳಿದರೆ ಸುಮ್ಮನಾಗುತ್ತದೆ. ಮಗು ಓದುತ್ತಿದೆಯೋ ನೆನಪಿನಿಂದ ಹೇಳುತ್ತಿದೆಯೋ ತಿಳಿಯಲು ಸರಳ ಉಪಾಯ ಒಂದುಂಟು. ಸಾಲನ್ನು ಬಲದಿಂದ ಎಡಕ್ಕೆ ಒಂದೊಂದೇ ಪದ ಮುಟ್ಟಿಸಿ ಓದಿಸಿ. ಬಾಯಿಪಾಠದ ಮಗು ಎರಡನೇ ಪದಕ್ಕೇ ನಿಲ್ಲುತ್ತದೆ.

2020ರಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಿದ ಮಗುವಿನ ಲೆಕ್ಕ ತೆಗೆಯಿರಿ. ಅದು ಒಂದನೇ ತರಗತಿಯ ಕೋಣೆಯಲ್ಲಿ ಒಂದು ದಿನವೂ ಕೂಡದೆ, ಎರಡನೇ ತರಗತಿಯ ಅರ್ಧ ವರ್ಷ ಕಳೆದ ಮೇಲೆ ಮೊದಲ ಸಲ ಶಾಲೆಯ ಒಳಗೆ ಬಂತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳ ಅಧ್ಯಯನ ಪ್ರಕಟಿಸಿತು. 2ರಿಂದ 6ನೇ ತರಗತಿಯ ಮಕ್ಕಳಲ್ಲಿ ಶೇ 92ರಷ್ಟು ಮಂದಿ ಹಿಂದೆ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯ ಕಳೆದುಕೊಂಡಿದ್ದರು, ಗಣಿತದಲ್ಲಿ ಶೇ 82. ಮುಂದಿನ ಪಾಠ ತಪ್ಪಿದ್ದು ಒಂದು ನಷ್ಟವಾದರೆ, ಬಂದದ್ದೂ ಮರೆತುಹೋದದ್ದು ಅದರ ಮೇಲಿನ ನಷ್ಟ.

ಈಗ ವಠಾರ ಶಾಲೆ, ಅಂದರೆ 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮ. ಐದಕ್ಕೆ ನಾಲ್ಕು. ಮಕ್ಕಳನ್ನು ಮೂರು ಪಾಲು ಮಾಡಿದರು: ಮೊಬೈಲೇ ಇಲ್ಲದವರು, ಸಾದಾ ಮೊಬೈಲ್ ಇದ್ದವರು, ಇಂಟರ್ನೆಟ್ ಇದ್ದವರು. ಶಿಕ್ಷಕರೇ ಓಣಿಗೆ ಹೋಗಿ ಕಟ್ಟೆ, ಸಮುದಾಯ ಭವನ, ಮರದ ನೆರಳಿನಲ್ಲಿ ಸಣ್ಣ ಗುಂಪಿಗೆ ಪಾಠ ಮಾಡಿದರು. ಇದರ ಹಿಂದಿನ ತರ್ಕ ಗಟ್ಟಿ. ಗಾಳಿಯಲ್ಲಿ ಹರಡುವ ರೋಗಕ್ಕೆ ಬಯಲಿನಷ್ಟು ಒಳ್ಳೆಯ ಕೋಣೆ ಇಲ್ಲ. ಒಂದೇ ಓಣಿಯ ಮಕ್ಕಳು ಹೇಗೂ ದಿನವಿಡೀ ಕೂಡಿ ಆಡುತ್ತಿದ್ದರು, ಅದೇ ಗುಂಪನ್ನು ಎರಡು ತಾಸು ಕೂರಿಸಿದರೆ ಹೊಸ ಅಪಾಯ ಹೆಚ್ಚೇನೂ ಸೇರುವುದಿಲ್ಲ.

ನಡೆಸುವವರಿಗೆ ಕೆಲವು ಮಾತು. ನೆರಳು ಬೆಳಿಗ್ಗೆ 8ರಿಂದ 10.30ರವರೆಗೆ ಉಳಿಯುವ ಜಾಗ ಆರಿಸಬೇಕು. ಅದಕ್ಕೆ ಹಿಂದಿನ ದಿನ ಅದೇ ಹೊತ್ತಿಗೆ ಹೋಗಿ ನೋಡಿ ಬರುವುದೇ ಸರಿ. ಮಕ್ಕಳ ಬೆನ್ನಿಗೆ ಬಿಸಿಲು ಇರಲಿ, ಹಲಗೆಯ ಮೇಲೆ ಬೀಳದಿರಲಿ. ಹಿಟ್ಟಿನ ಗಿರಣಿ, ಗುಡಿಯ ಮೈಕು ಹತ್ತಿರ ಇದ್ದರೆ ಓದಿಸುವ ಪಾಠ ಕೆಡುತ್ತದೆ. ಗುಂಪು 15 ದಾಟಿದರೆ ಹಿಂದಿನವರಿಗೆ ಕೇಳಿಸದು, ಮಕ್ಕಳು ಮುಂದೆ ಸರಿದು ಒತ್ತೊತ್ತಾಗಿ ಕೂರುತ್ತಾರೆ, ಅಂತರದ ಮಾತು ಅಲ್ಲಿಗೆ ಮುಗಿಯಿತು. ಹುಡುಗಿಯರಿಗೆ ಶೌಚಕ್ಕೆ ಹೋಗಲು ಹತ್ತಿರದ ಒಂದು ಮನೆಯವರನ್ನು ಮೊದಲೇ ಕೇಳಿಟ್ಟಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಗುಡಿಯ ಕಟ್ಟೆ ಎಲ್ಲ ಓಣಿಯ ಮಕ್ಕಳಿಗೂ ತೆರೆದಿರುವುದಿಲ್ಲ. ಶಾಲೆಯ ಕೋಣೆಯಲ್ಲಿ ಎಲ್ಲರೂ ಒಂದೇ ಪಟ್ಟಿಯ ಮೇಲೆ ಕೂರುತ್ತಾರೆ. ಪಾಠ ಓಣಿಗೆ ಹೋದಾಗ ಓಣಿಯ ಜಾತಿಯೂ ಪಾಠದೊಳಗೆ ಬರುತ್ತದೆ. ಒಂದು ಮಗುವಾದರೂ ದೂರ ನಿಲ್ಲಬೇಕಾದ ಜಾಗದಲ್ಲಿ ವಠಾರ ಶಾಲೆ ಹೂಡಲೇಬಾರದು. ಪಂಚಾಯಿತಿ ಕಟ್ಟೆ, ಅಂಗನವಾಡಿಯ ಅಂಗಳ, ಶಾಲೆಯದೇ ಮೈದಾನ ಇದ್ದೇ ಇವೆ. ಶಾಲೆಯ ಮೈದಾನವನ್ನೇ ಬಳಸಿದ್ದರೆ ನೀರು, ಶೌಚಾಲಯ, ಅಡುಗೆ ಕೋಣೆ ಎಲ್ಲ ಪಕ್ಕದಲ್ಲೇ ಇರುತ್ತಿದ್ದವು. ಅದಕ್ಕೇ ಒಂದು ಅಂಕ ಕಡಿಮೆ ಮಾಡಿದ್ದು.

ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂದ ಮೇಲೆ 2020ರ ಅಕ್ಟೋಬರ್ 10ರಂದು ಇದನ್ನು ನಿಲ್ಲಿಸಿದರು. ಶಿಕ್ಷಕರ ಭಯ ನಿಜವಾದದ್ದು, ಲಸಿಕೆ ಇನ್ನೂ ಬಂದಿರಲಿಲ್ಲ. 50 ದಾಟಿದವರು, ಸಕ್ಕರೆ ಕಾಯಿಲೆ ಇದ್ದವರನ್ನು ಬಿಟ್ಟು, ಒಬ್ಬರಿಗೆ ಒಂದೇ ಓಣಿ ಎಂದು ಕಟ್ಟುಮಾಡಿ ಮುಂದುವರಿಸಬಹುದಿತ್ತು. ಪೂರ್ತಿ ನಿಂತಾಗ ಯಾದಗಿರಿ ಜಿಲ್ಲೆಯಲ್ಲಿ ಹತ್ತಿ ಬಿಡಿಸುವ ಹಂಗಾಮು. ಶಹಾಪುರ, ಸುರಪುರದ ಹೊಲಗಳಿಗೆ ದೊಡ್ಡವರ ಜೊತೆ ಮಕ್ಕಳೂ ಹೊರಡುವ ಕಾಲ ಅದು. ದಿನಕ್ಕೆ ಎರಡು ತಾಸಿನ ಪಾಠವೂ ಆ ಮಕ್ಕಳನ್ನು ಊರಲ್ಲಿ ಹಿಡಿದಿಡುವ ದಾರವಾಗಿತ್ತು.

ಅಕ್ಷರ ದಾಸೋಹ, ಅಂದರೆ ಶಾಲೆಯ ಬಿಸಿಯೂಟ ಯೋಜನೆಯ ರೇಷನ್‌ಗೆ ಐದಕ್ಕೆ ಎರಡು. ಬಿಸಿಯೂಟದ ಲೆಕ್ಕದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 6ರಿಂದ 8ಕ್ಕೆ 150 ಗ್ರಾಂ. 25 ದಿನಕ್ಕೆ ಎರಡೂವರೆ ಕೆ.ಜಿ. ಮತ್ತು ಮೂರೂಮುಕ್ಕಾಲು ಕೆ.ಜಿ. ಆಗುತ್ತದೆ. ಮುಚ್ಚಿದ್ದಾಗ ಇದನ್ನೇ ಬೇಳೆಯ ಜೊತೆ ಮನೆಗೆ ಕೊಟ್ಟರು. ಚೀಲ ಮನೆಗೆ ಹೋದರೆ ಆ ಅಕ್ಕಿ ಐದಾರು ಜನರ ಗಡಿಗೆಗೆ ಬೀಳುತ್ತದೆ, ಮಗುವಿನ ಪಾಲು ಮಗುವಿಗೇ ಎಂಬ ಖಾತ್ರಿ ಹೋಗುತ್ತದೆ. ಶಾಲೆಯಲ್ಲಿ ಬಡಿಸಿದ ಊಟಕ್ಕೆ ಆ ಖಾತ್ರಿ ಇದೆ. ತೆರೆದ ಮೇಲೆ 2021ರ ಡಿಸೆಂಬರ್‌ನಲ್ಲಿ ನಮ್ಮ ಮೂರೂ ಜಿಲ್ಲೆ ಸೇರಿ ಏಳು ಜಿಲ್ಲೆಗಳಲ್ಲಿ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಶುರುವಾಯಿತು. ಈ ಏಳನ್ನೇ ಆರಿಸಿದ್ದು ಇಲ್ಲಿನ ಅಪೌಷ್ಟಿಕತೆ ನೋಡಿ. ಅಂಥ ಜಿಲ್ಲೆಯಲ್ಲಿ ಬಿಸಿಯೂಟ ನಿಲ್ಲಿಸುವುದನ್ನು ಪಾಠ ನಿಲ್ಲಿಸುವುದಕ್ಕಿಂತ ದೊಡ್ಡ ತೀರ್ಮಾನ ಎಂದೇ ತಿಳಿಯಬೇಕು.

2022-23ರ ಕಲಿಕಾ ಚೇತರಿಕೆಗೆ ಮೂರೂವರೆ. ಎರಡು ವರ್ಷದ ಬಾಕಿಯನ್ನು ಒಪ್ಪಿಕೊಂಡು, ಹಿಂದಿನ ತರಗತಿಯ ಕಲಿಕೆಯಿಂದ ಅಭ್ಯಾಸ ಹಾಳೆ ಶುರು ಮಾಡಿದ್ದು ಪ್ರಾಮಾಣಿಕ ಕೆಲಸ. ಹಾಳೆ ತುಂಬಿಸುವುದೇ ಗುರಿಯಾದ ಕಡೆ ಮಕ್ಕಳು ಹಲಗೆ ನೋಡಿ ಉತ್ತರ ಇಳಿಸಿಕೊಂಡರು, ಓದು ಹಾಗೇ ಉಳಿಯಿತು. ದಿನಕ್ಕೆ ಹತ್ತು ನಿಮಿಷ ಒಬ್ಬೊಬ್ಬರನ್ನೇ ಕರೆದು ಓದಿಸಿದ ಕಡೆ ಅದೇ ಹಾಳೆಗಳು ಫಲ ಕೊಟ್ಟವು.

ಇನ್ನು ತೆರೆದಿಡುವುದು ಹೇಗೆ ಎಂಬ ಮಾತು. ಉದಾಹರಣೆಗೆ 20 ಅಡಿಗೆ 20 ಅಡಿ ಕೋಣೆ ಹಿಡಿಯಿರಿ. ಮುಂದೆ ಶಿಕ್ಷಕರಿಗೆ 5 ಅಡಿ, ಉಳಿದ ಮೂರು ಗೋಡೆಗಳಿಂದ 2 ಅಡಿ ಬಿಟ್ಟರೆ, ಆರಡಿ ಅಂತರದಲ್ಲಿ 9 ಮಕ್ಕಳು ಹಿಡಿಯುತ್ತಾರೆ, ಮೂರಡಿ ಅಂತರದಲ್ಲಿ 30. ಇಡೀ ವಾದ ಈ ಎರಡು ಅಂಕಿಗಳ ನಡುವೆ ಇದೆ. ಮಾಸ್ಕ್ ಹಾಕಿ, ಕಿಟಕಿ ತೆಗೆದು, ಮೂರಡಿಗೆ ಕೂರಿಸಿದರೆ ಹೆಚ್ಚಿನ ಹಳ್ಳಿ ಶಾಲೆಗಳಲ್ಲಿ ಪಾಳಿಯೇ ಬೇಕಾಗುವುದಿಲ್ಲ. ಅಂತರ ಗುರುತಿಸಲು ಟೇಪು ಬೇಡ. ನಮ್ಮ ಕಡೆ ನೆಲಕ್ಕೆ ಹಾಸುವುದು ಶಹಾಬಾದ್ ಫರಸಿ. ಎರಡಡಿಯ ಫರಸಿಯಾದರೆ ಒಂದೂವರೆ ಕಲ್ಲಿಗೆ ಮೂರಡಿ, ಸುಣ್ಣದಲ್ಲಿ ಒಂದು ಚುಕ್ಕೆ ಇಟ್ಟರೆ ಮಗು ತಾನೇ ಜಾಗ ಹಿಡಿಯುತ್ತದೆ.

ಬ್ಲೀಚಿಂಗ್ ಸಿಂಪಡಣೆಗೆ ಸುರಿದ ದುಡ್ಡು ಕಿಟಕಿಗೆ ಹೋಗಬೇಕಿತ್ತು. ಶೌಚಾಲಯ ತೊಳೆಯಲು ಬ್ಲೀಚಿಂಗ್ ಬೇಕು. ಶೇ 30 ಕ್ಲೋರಿನ್ ಇರುವ ಪುಡಿಯಾದರೆ ಲೀಟರಿಗೆ 33 ಗ್ರಾಂ ಹಾಕಿದಾಗ ಶೇ 1ರ ದ್ರಾವಣ ಬರುತ್ತದೆ. ಬಾಯಿ ತೆರೆದಿಟ್ಟ ಚೀಲದ ಪುಡಿ ದಿನಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ಡಬ್ಬಿಯಲ್ಲಿ ಮುಚ್ಚಿಡಿ. ಮಕ್ಕಳ ಮೈಮೇಲೆ ಎಂದೂ ಸಿಂಪಡಿಸಬೇಡಿ. ಕೋಣೆಯ ಗಾಳಿಗೆ ಮಾತ್ರ ಎದುರುಬದುರು ಕಿಟಕಿಯೇ ಮದ್ದು. ಒಂದೇ ಕಡೆ ಕಿಟಕಿ ಇದ್ದರೆ ಎದುರು ಗೋಡೆಯಲ್ಲಿ ಮೇಲ್ಗಡೆ ಜಾಲಿ ಬಿಡಿಸಿ. ತುಕ್ಕು ಹಿಡಿದು ತೆಗೆಯಲು ಬಾರದ ಬಾಗಿಲುಗಳಿಗೆ ಎಣ್ಣೆ ಬಿಡುವುದರಿಂದ ಕೆಲಸ ಶುರುವಾಗಲಿ.

2022ರ ಜನವರಿಯ ಮೂರನೇ ಅಲೆಯಲ್ಲಿ ಸರ್ಕಾರ ಜಿಲ್ಲಾಡಳಿತಗಳಿಗೆ ತೀರ್ಮಾನ ಬಿಟ್ಟಿತು. ಸೋಂಕು ಕಂಡ ಶಾಲೆಯನ್ನು ಕೆಲವು ದಿನ ಮುಚ್ಚಿ ತೆರೆಯುವ ಕ್ರಮ ಬಂತು. ಇದು ಮೊದಲೇ ಇರಬೇಕಿದ್ದ ಪದ್ಧತಿ. ಬೀದರ್‌ನಲ್ಲಿ ರೋಗ ಏರಿದೆ ಎಂದು ಜೇವರ್ಗಿಯ ಶಾಲೆ ಮುಚ್ಚಬೇಕಾಗಿಲ್ಲ.

ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು, ಪ್ರತಿ ಜೂನ್‌ನ ಮೊದಲ ಸಭೆಯಲ್ಲಿ ಇಷ್ಟನ್ನು ಬರೆದಿಡಲಿ: ಮುಚ್ಚಬೇಕಾಗಿ ಬಂದರೆ ಯಾವ ಓಣಿಯ ಮಕ್ಕಳು ಎಲ್ಲಿ ಕೂರುತ್ತಾರೆ, ಆ ಓಣಿಗೆ ಯಾವ ಶಿಕ್ಷಕರು, ಅಡುಗೆಯವರು ಬುತ್ತಿ ಎಲ್ಲಿಗೆ ತರುತ್ತಾರೆ, ನಲಿಕಲಿ ಕಾರ್ಡುಗಳ ಎರಡನೇ ಜೊತೆ ಯಾರ ಬಳಿ ಇದೆ, ಮತ್ತು ಹದಿನೈದನೇ ದಿನಕ್ಕೆ ಮತ್ತೆ ತೆರೆಯುವ ಬಗ್ಗೆ ಸಭೆ ಕರೆಯುವವರು ಯಾರು.