ಅದೇ 4070, ಲ್ಯಾಪ್‌ಟಾಪಲ್ಲಿ ಒಂಥರಾ ಡೆಸ್ಕ್‌ಟಾಪಲ್ಲಿ ಒಂಥರಾ

ಮದುವೆ ವಿಡಿಯೋ ಎಡಿಟಿಂಗೇ ನನ್ ಹೊಟ್ಟೆಪಾಡು, ಊರು ದಾವಣಗೆರೆ. ಹೋದ್ ವರ್ಷ ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಇರೋ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡೆ, 1.6 ಲಕ್ಷ, ಕಂಪನಿ ಹೆಸರು ಬೇಡ ಬಿಡಿ. ಛತ್ರದಲ್ಲೇ ಕೂತು ಮುಹೂರ್ತದ ಹೈಲೈಟ್ಸ್ ಕಟ್ ಮಾಡಿ ಊಟದ ಹೊತ್ತಿಗೆ ಎಲ್‌ಇಡಿ ವಾಲ್ ಮೇಲೆ ಬಿಡಬೋದು ಅನ್ನೋ ಆಸೆ. ಆರು ತಿಂಗಳಾದ್ಮೇಲೆ ಮನೇಲಿ ಡೆಸ್ಕ್‌ಟಾಪೂ ಅಸೆಂಬಲ್ ಮಾಡಿಸ್ದೆ, ಅದಕ್ಕೂ 4070ನೇ.

ಹೆಸರು ಒಂದೇ ಅಂತ ಮೋಸ ಹೋಗ್ಬೇಡಿ. ಡೆಸ್ಕ್‌ಟಾಪ್ ಕಾರ್ಡಿಗೆ 12 ಜಿಬಿ ಮೆಮೊರಿ, 200 ವ್ಯಾಟ್ ತನಕ ಎಳೆಯುತ್ತೆ. ಲ್ಯಾಪ್‌ಟಾಪಿಂದು 8 ಜಿಬಿ, ಹೆಚ್ಚಂದ್ರೆ 140 ವ್ಯಾಟ್, ಅದೂ ತಯಾರಕರು ಎಷ್ಟು ಬಿಟ್ಟಿದಾರೋ ಅಷ್ಟು. 4ಕೆ ಟೈಮ್‌ಲೈನಲ್ಲಿ ರಾತ್ರಿ ಶಾಟ್‌ಗೆ ನಾಯ್ಸ್ ರಿಡಕ್ಷನ್ (ಕತ್ತಲಲ್ಲಿ ಬರೋ ಕಾಳು ಕಾಳು ತೆಗೆಯೋದು) ಹಾಕಿದ್ರೆ ಸಾಕು, ಮೆಮೊರಿ ಫುಲ್ ಅಂತ ಲ್ಯಾಪ್‌ಟಾಪ್ ಕೈ ಎತ್ತುತ್ತೆ, ಅದೇ ಪ್ರಾಜೆಕ್ಟ್ ಡೆಸ್ಕ್‌ಟಾಪಲ್ಲಿ ಓಡುತ್ತೆ.

ಇನ್ನು ಲ್ಯಾಪ್‌ಟಾಪಿನ ಬಿಸಿ. ರೆಂಡರ್‌ಗೆ (ಎಡಿಟ್ ಮಾಡಿದ್ದನ್ನ ಪೂರ್ತಿ ವಿಡಿಯೋ ಫೈಲ್ ಮಾಡೋಕೆ) ಬಿಟ್ರೆ ಮೊದಲ ಐದು ನಿಮಿಷ ಕುದುರೆ, ಆಮೇಲೆ ಪ್ರೊಸೆಸರ್ 95 ಡಿಗ್ರಿ ಮುಟ್ಟಿ ತಾನೇ ಸ್ಪೀಡ್ ಇಳಿಸ್ಕೊಳ್ಳುತ್ತೆ, ಏಪ್ರಿಲ್ ಮೇ ನಮ್ಮೂರ್ ಸೆಕೆ ಗೊತ್ತಲ್ಲ, ಮದುವೆ ಸೀಸನ್ನೂ ಅದೇ. ಹಿಂದಿನ ಎರಡು ಮೂಲೆಗೆ ನೀರಿನ ಬಾಟ್ಲಿ ಮುಚ್ಚಳ ಕೊಟ್ಟು ಎತ್ತರ ಮಾಡ್ದೆ, ನಾಲ್ಕು ಡಿಗ್ರಿ ಇಳೀತು (ನಗ್ಬೇಡಿ). ಫ್ಯಾನ್ ಸದ್ದಿಗೆ ಅಮ್ಮ ಬಂದು ಮಿಕ್ಸಿ ಯಾರು ಹಾಕಿದ್ದು ಅಂತ ಕೇಳಿದ್ರು, ಆ ಸದ್ದಲ್ಲಿ ನಾದಸ್ವರದ ಲೆವೆಲ್ ಹೆಂಗ್ ಕೂರಿಸ್ಲಿ?

ಛತ್ರದ ಕಥೆ ಕೇಳಿ. ಬ್ಯಾಟರಿ ಮೇಲೆ ಹೋದ್ ಕೂಡ್ಲೇ ಗ್ರಾಫಿಕ್ಸ್ ಕಾರ್ಡಿಗೆ ಪವರ್ ಕಡಿತ, ಒಂದು ಗಂಟೇಲಿ ಚಾರ್ಜ್ ಖಾಲಿ. ವಿಮಾನದಲ್ಲಿ ಸಲೀಸಾಗಿ ಒಯ್ಯೋ ಮಿತಿ 100 ವ್ಯಾಟ್ ಅವರ್, ಹಂಗಾಗಿ ಅದಕ್ಕಿಂತ ದೊಡ್ಡ ಬ್ಯಾಟರಿ ಸಾಮಾನ್ಯವಾಗಿ ಯಾರೂ ಹಾಕಲ್ಲ. ಇಟ್ಟಿಗೆಯಂಥ ಚಾರ್ಜರ್ ಹಿಡ್ಕೊಂಡು ಪ್ಲಗ್ ಹುಡುಕಿದ್ರೆ ಎಲ್ಲಾ ಸಾಕೆಟ್ಟಲ್ಲೂ ಡೆಕೋರೇಷನ್ ಲೈಟು, ಮೈಕು. ಕೊನೆಗೆ ಅಡುಗೆಯವರ ಹತ್ರ ಗ್ರೈಂಡರ್ ಪಕ್ಕ ಜಾಗ ಸಿಕ್ತು, ಅಕ್ಕಿ ಹಿಟ್ಟು ಫ್ಯಾನೊಳಗೆ.

ಡೆಸ್ಕ್‌ಟಾಪ್ ಏನ್ ದೇವರಲ್ಲ. ಕರೆಂಟ್ ಹೋಗಿ ಎರಡು ಸಲ ರೆಂಡರ್ ಅರ್ಧಕ್ಕೇ ನಿಂತ್ಮೇಲೆ ಯುಪಿಎಸ್ ತಂದೆ, ಮಾನಿಟರ್ ಖರ್ಚು ಬೇರೆ. ಆದ್ರೆ ರ್‍ಯಾಮ್ 32ರಿಂದ 64 ಜಿಬಿಗೆ ನಾನೇ ಏರಿಸ್ದೆ, ಹತ್ತು ನಿಮಿಷದ ಕೆಲ್ಸ.

ಈಗ ಲ್ಯಾಪ್‌ಟಾಪ್ ಛತ್ರಕ್ಕೆ ಬರೋದು ಮೆಮೊರಿ ಕಾರ್ಡ್ ಕಾಪಿ ಮಾಡೋಕೆ. ಅದಕ್ಕೆ ನನ್ನ ಹಳೇ 40 ಸಾವಿರದ್ದೇ ಸಾಕಿತ್ತು.