ಗ್ರೇಡ್ ಏರಿಸಿ ಬೀಮಿನ ಆಳ ಇಳಿಸುವ ಮುನ್ನ ಇದನ್ನು ಓದಿ

6 ಮೀಟರ್ ಸ್ಪ್ಯಾನಿನ (ಎರಡು ಆಧಾರಗಳ ನಡುವಿನ ದೂರ) ಸ್ಟೀಲ್ ಬೀಮ್, ಎರಡೂ ತುದಿ ಗೋಡೆಯ ಮೇಲೆ ಸುಮ್ಮನೆ ಕೂತಿರುವಂಥದ್ದು. ಅದರ ಮೇಲೆ 2.1 ಮೀಟರ್ ಎತ್ತರದ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ, ಕೆಳಗೆ ಬಾಗಿಲು. ಡ್ರಾಯಿಂಗಿನಲ್ಲಿದ್ದದ್ದು 250 ಮಿ.ಮೀ. ಆಳದ ಐ ಸೆಕ್ಷನ್, ಸೈಟಿಗೆ ಬಂದದ್ದು 200ರದ್ದು. ಕೇಳಿದರೆ ಉತ್ತರ ಸಿದ್ಧವಿತ್ತು: "ಇದು 350 ಗ್ರೇಡ್ ಸಾರ್, ಅದಕ್ಕಿಂತ ಗಟ್ಟಿ." ಗ್ರೇಡ್ ಅಂದರೆ ಚದರ ಮಿ.ಮೀ.ಗೆ ಎಷ್ಟು ನ್ಯೂಟನ್ ಬಿದ್ದರೆ ಸ್ಟೀಲ್ ಮರಳಿ ಮೊದಲಿನಂತಾಗದಷ್ಟು ಹಿಗ್ಗತೊಡಗುತ್ತದೆ ಎಂಬ ಅಂಕಿ.

ಗಟ್ಟಿಯೇನೋ ಹೌದು, ಮುರಿಯಲೂ ಇಲ್ಲ. ನಡುವೆ ಜಾಕ್ ಕೊಟ್ಟು ಗೋಡೆ ಕಟ್ಟಿ, ಪ್ಲಾಸ್ಟರ್ ಒಣಗಿದ ಮೇಲೆ ಜಾಕ್ ಬಿಚ್ಚಿದರು. ಗೋಡೆಯಲ್ಲಿ ಓರೆ ಬಿರುಕು ಬಿಟ್ಟಿತು, ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಕೆಳ ಫ್ಲಾಂಜಿನ (ಐ ಆಕಾರದ ಕೆಳಗಿನ ಅಡ್ಡಪಟ್ಟಿ) ಎರಡೂ ತುದಿಗೆ 50 ಮಿ.ಮೀ. ತುಂಡು ಕೊಟ್ಟು ನೂಲು ಬಿಗಿದು ನೋಡಿದರೆ, ನಡುವೆ ಉಳಿದಿದ್ದ ಸಂದು 27 ಮಿ.ಮೀ. ಅಂದರೆ ಬೀಮ್ 23 ಮಿ.ಮೀ. ಜಗ್ಗಿತ್ತು.

ಲೆಕ್ಕ ಹಾಕಿದ್ದರೆ ಕಾಗದದ ಮೇಲೇ ಇದು ಕಾಣುತ್ತಿತ್ತು. ಗೋಡೆ, ಪ್ಲಾಸ್ಟರ್, ಬೀಮಿನ ಸ್ವಂತ ತೂಕ ಸೇರಿ ಮೀಟರಿಗೆ ಸುಮಾರು 6 ಕಿಲೋನ್ಯೂಟನ್. ಬೆಂಡಿಂಗ್ ಮೊಮೆಂಟ್ (ಲೋಡು ಬೀಮನ್ನು ಎಷ್ಟು ಬಾಗಿಸಲು ನೋಡುತ್ತದೆ ಎಂಬ ಅಳತೆ) = ಲೋಡು × ಸ್ಪ್ಯಾನ್² ÷ 8 = 27 ಕಿಲೋನ್ಯೂಟನ್ ಮೀಟರ್. 200ರ ಸೆಕ್ಷನ್ನಿನಲ್ಲಿ ಸ್ಟ್ರೆಸ್ (ಸ್ಟೀಲಿನೊಳಗೆ ಬೀಳುವ ಒತ್ತಡ) ಚದರ ಮಿ.ಮೀ.ಗೆ 121 ನ್ಯೂಟನ್ ಅಷ್ಟೇ. 350 ಇರಲಿ, ಕಡಿಮೆ ಗಟ್ಟಿಯ 250 ಗ್ರೇಡಿಗೂ ಇದು ಭಾರವಲ್ಲ. ಬಹುತೇಕರು ಇಲ್ಲಿಗೇ ಪೆನ್ನು ಕೆಳಗಿಡುತ್ತಾರೆ.

ಡಿಫ್ಲೆಕ್ಷನ್ (ಬೀಮ್ ಎಷ್ಟು ಜಗ್ಗುತ್ತದೆ ಎಂಬುದು) = 5 × ಲೋಡು × ಸ್ಪ್ಯಾನ್⁴ ÷ (384 × ಇ × ಐ). ಈ ಸೂತ್ರದಲ್ಲಿ ಗ್ರೇಡಿಗೆ ಜಾಗವೇ ಇಲ್ಲ! ಯಾವ ಗ್ರೇಡಿನ ಸ್ಟೀಲಿಗೂ 'ಇ', ಅಂದರೆ ಸ್ಟೀಲಿನ ಬಿಗುವು, ಚದರ ಮಿ.ಮೀ.ಗೆ ಸುಮಾರು 2,00,000 ನ್ಯೂಟನ್. ಉಳಿಯುವುದು 'ಐ', ಅಂದರೆ ಮೊಮೆಂಟ್ ಆಫ್ ಇನರ್ಶಿಯಾ: ಸೆಕ್ಷನ್ನಿನ ಆಕಾರ, ಆಳದಿಂದ ಬರುವ ಬಾಗದ ಗುಣ. 200ರದ್ದಕ್ಕೆ ಅದು ಸುಮಾರು 2,235 ಸೆಂ.ಮೀ.⁴, ಡಿಫ್ಲೆಕ್ಷನ್ 22.6 ಮಿ.ಮೀ. 250ರದ್ದಕ್ಕೆ 5,130, ಡಿಫ್ಲೆಕ್ಷನ್ 10ರ ಆಸುಪಾಸು. ಸೂತ್ರಕ್ಕೆ ಹಾಕುವಾಗ 'ಐ'ಯನ್ನು 10,000ದಿಂದ ಗುಣಿಸಿ ಮಿ.ಮೀ.⁴ ಮಾಡಿಕೊಳ್ಳಿ, ಎಡವುವುದು ಹೆಚ್ಚಾಗಿ ಅಲ್ಲೇ.

ಮಾಮೂಲಿ ನೆಲಕ್ಕೆ ಸ್ಪ್ಯಾನಿನ 1/360 ನಡೆಯುತ್ತದೆಂದು ಇಟ್ಟಿಗೆ ಗೋಡೆ ಹೊರುವ ಬೀಮಿಗೂ ಅದನ್ನೇ ಹಿಡಿಯಬೇಡಿ. ಇಟ್ಟಿಗೆ ಬಾಗುವುದಿಲ್ಲ, ಸೀಳುತ್ತದೆ. 1/600 ಇಟ್ಟುಕೊಳ್ಳಿ, ಇಲ್ಲಿ ಅದು ಸರಿಯಾಗಿ 10 ಮಿ.ಮೀ. ಸ್ಪ್ಯಾನ್ 7 ಮೀಟರ್ ಆದರೆ ಅದೇ ಬೀಮ್ 1.85 ಪಟ್ಟು ಜಗ್ಗುತ್ತದೆ, ಹಾಗಾಗಿ ಸಪೋರ್ಟಿನ ನಡುವಿಂದ ನಡುವಿಗೆ ಅಳೆಯಿರಿ. ಮೇಲಿನ ಫ್ಲಾಂಜನ್ನು ಪಕ್ಕಕ್ಕೆ ಹಿಡಿದಿಡುವುದು ಏನೂ ಇಲ್ಲದಿದ್ದರೆ ಬೀಮ್ ತಿರುಚಿಕೊಳ್ಳುವ ಭಯವೂ ಇದೆ, ಅದರ ಲೆಕ್ಕ ಬೇರೆ.

ಜಾಕ್ ಕೊಟ್ಟದ್ದೂ ಇಲ್ಲಿ ತೊಂದರೆಯನ್ನೇ ಹೆಚ್ಚಿಸಿತು. ಅದಿಲ್ಲದಿದ್ದರೆ ಇಟ್ಟಿಗೆ ವರಸೆ ಏರಿದಂತೆ ಬೀಮ್ ಸ್ವಲ್ಪ ಸ್ವಲ್ಪವೇ ಜಗ್ಗುತ್ತಿತ್ತು, ಹಸಿ ಗಾರೆ ಒಂದಷ್ಟು ಹೊಂದಿಕೊಳ್ಳುತ್ತಿತ್ತು. ಬಿಚ್ಚಿದಾಗ ಅಷ್ಟೂ ಜಗ್ಗು ಒಣಗಿದ ಗೋಡೆಯ ಮೇಲೆ ಒಮ್ಮೆಲೇ ಬಂತು.

ಈಗ ಕೆಳಗಡೆ ಪ್ಲೇಟ್ ವೆಲ್ಡ್ ಮಾಡೋಣ ಅನ್ನುವವರು ಸಿಗುತ್ತಾರೆ. ಲೋಡು ಹೊತ್ತು ಜಗ್ಗಿದ ಬೀಮಿಗೆ ಹಾಗೇ ಬೆಸೆದರೆ ಆದ ಜಗ್ಗು ಆದಂತೆಯೇ ಉಳಿಯುತ್ತದೆ. ಪ್ಲೇಟಿನ ನೆರವು ಮುಂದೆ ಬರುವ ಲೋಡಿಗೆ ಮಾತ್ರ. ಮೊದಲು ಜಾಕಿನಿಂದ ನಿಧಾನವಾಗಿ ಎತ್ತಬೇಕು, ಆಮೇಲೆ ವೆಲ್ಡಿಂಗ್, ಬಿರುಕು ತುಂಬುವುದು ಜಾಕ್ ಇಳಿಸಿದ ಮೇಲೆ.