ಹಳೆಯ ಗೇಮಿಂಗ್ ಕಂಪ್ಯೂಟರಿನಲ್ಲಿ ವಿಂಡೋಸ್ 11: ಬಹುಕಾಲದ ಬಳಕೆಯ ನಂತರ

ರೈಜನ್ 5 2600 ಪ್ರೊಸೆಸರ್, ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್: ಇದು ನನ್ನ ಕಂಪ್ಯೂಟರ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಗೊತ್ತಾದಾಗ ವಿಂಡೋಸ್ 11ಕ್ಕೆ ಬದಲಾದೆ. ಇಷ್ಟು ಕಾಲ ಬಳಸಿದ ಮೇಲೆ ಹೇಳುತ್ತೇನೆ: ಭದ್ರತೆಗಾಗಿ ಹಾಕಿಕೊಳ್ಳಿ, ವೇಗದ ಆಸೆಯಿಂದ ಬೇಡ. ನನ್ನ ಆಟಗಳ ಫ್ರೇಮ್ ದರ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಮೊದಲಿದ್ದಷ್ಟೇ ಇದೆ.

ವಿಂಡೋಸ್ 11 ಕೇಳುವ ಭದ್ರತಾ ಘಟಕ ಟಿಪಿಎಂ 2.0 ಇಲ್ಲ ಎಂಬ ಸಂದೇಶ ಕಂಡೊಡನೆ ಹೊಸ ಮದರ್‌ಬೋರ್ಡ್ ಕೊಳ್ಳಲು ಹೊರಡಬೇಡಿ. ರೈಜನ್ ಬೋರ್ಡುಗಳ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ಸ್) ಎಫ್‌ಟಿಪಿಎಂ ಎಂಬ ಆಯ್ಕೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆನ್ ಮಾಡಿದರೆ ಸಾಕು. ನಂಬಿಕಸ್ಥ ಸಾಫ್ಟ್‌ವೇರ್‌ನಿಂದಷ್ಟೇ ಕಂಪ್ಯೂಟರ್ ಶುರುವಾಗುವಂತೆ ನೋಡಿಕೊಳ್ಳುವ ಸೆಕ್ಯೂರ್ ಬೂಟ್ ವಿಷಯದಲ್ಲಿ ಮಾತ್ರ ಕ್ರಮ ತಪ್ಪಬಾರದು. ಹಳೆಯ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಜನಾ ಮಾದರಿಯಲ್ಲಿದ್ದರೆ ಮೊದಲು ಬ್ಯಾಕಪ್, ಆಮೇಲೆ ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಉಪಕರಣದಿಂದ ಹೊಸ ಜಿಪಿಟಿ ಮಾದರಿಗೆ ಪರಿವರ್ತನೆ, ಕೊನೆಗೆ ಬಯಾಸ್‌ನಲ್ಲಿ, ಸೆಕ್ಯೂರ್ ಬೂಟ್‌ಗೆ ಅಡ್ಡಿಯಾಗುವ ಹಳೆಯ ಬೂಟ್ ವಿಧಾನವಾದ ಸಿಎಸ್‌ಎಂ ಆಫ್. ಪರಿವರ್ತಿಸದೆ ಸಿಎಸ್‌ಎಂ ಆಫ್ ಮಾಡಿದರೆ ವಿಂಡೋಸ್ ಬೂಟ್ ಆಗುವುದೇ ಇಲ್ಲ.

ಅಪ್‌ಗ್ರೇಡ್ ಮುಗಿದ ಮೇಲೆ ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್ ಪುಟದಲ್ಲಿ ‘ಮೆಮೊರಿ ಇಂಟೆಗ್ರಿಟಿ’ (ದುಷ್ಟ ಕೋಡ್ ವಿಂಡೋಸ್‌ನ ಒಳಭಾಗಕ್ಕೆ ನುಗ್ಗದಂತೆ ತಡೆಯುವ ರಕ್ಷಣೆ) ಆನ್ ಆಗಿದೆಯೇ ನೋಡಿ. ಇದಕ್ಕೆ ಬೇಕಾದ ಹಾರ್ಡ್‌ವೇರ್ ನೆರವು ರೈಜನ್‌ನಲ್ಲಿ ಬಂದದ್ದು ನನ್ನದಕ್ಕಿಂತ ಹೊಸ ಪೀಳಿಗೆಯಾದ ಜೆನ್ 2ರಿಂದ. 2600ರಂಥ ಚಿಪ್‌ನಲ್ಲಿ ಆ ಕೆಲಸವನ್ನು ಸಾಫ್ಟ್‌ವೇರೇ ಹೊರಬೇಕು, ಆಟಕ್ಕೆ ಅದರ ಹೊರೆ ತಟ್ಟುತ್ತದೆ. ಆಫ್ ಮಾಡಿದರೆ ರಕ್ಷಣೆಯ ಒಂದು ಪದರ ಕಡಿಮೆಯಾಗುವುದೂ ನಿಜ. ಬ್ಯಾಂಕ್ ವ್ಯವಹಾರವೂ ಅದೇ ಯಂತ್ರದಲ್ಲಿ ನಡೆಯುವುದಾದರೆ ನಾಲ್ಕು ಫ್ರೇಮ್ ಹೋದರೂ ಆನ್ ಇಡುವುದೇ ಮೇಲು.

ಹೊಸ ವಿಂಡೋಸ್ ಹಾಕಿದ ಮಾತ್ರಕ್ಕೆ ಹಳೆಯ ಕಾರ್ಡಿನ ಆಯುಸ್ಸು ಹೆಚ್ಚುವುದಿಲ್ಲ. ಜಿಟಿಎಕ್ಸ್ 1060 ಸೇರಿದಂತೆ ಪ್ಯಾಸ್ಕಲ್ ಪೀಳಿಗೆಗೆ ಎನ್‌ವಿಡಿಯಾ ಹೊಸ ಆಟಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿತು. ಇನ್ನು 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಮಾತ್ರ. ಕೈಯಲ್ಲಿ ಹಣವಿದ್ದರೆ ಹೊಸ ಕಾರ್ಡಿಗೇ ಹಾಕಿ.

ಇಂಟೆಲ್ ಏಳನೇ ಪೀಳಿಗೆಯವರ ಸಂಕಟ ಬೇರೆ. ಐ7-7700ಕೆ ಇಂದಿಗೂ ಆಟ ಓಡಿಸಬಲ್ಲ ಚಿಪ್; ಅದನ್ನು ವಿಂಡೋಸ್ 11ರ ಬೆಂಬಲಿತ ಪ್ರೊಸೆಸರ್‌ಗಳ ಪಟ್ಟಿಯಿಂದ ಹೊರಗಿಟ್ಟದ್ದು ಅನ್ಯಾಯವೆಂದೇ ನನ್ನ ಭಾವನೆ. ಹಾಗೆಂದು ನಿರ್ಬಂಧ ತಪ್ಪಿಸಿ ವಿಂಡೋಸ್ 11 ತುರುಕಬೇಡಿ, ಅಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತರಿಯಿಲ್ಲ. ವಿಂಡೋಸ್ 10ರ ವಿಸ್ತೃತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಕಾಲಾವಕಾಶ ಸಿಗುತ್ತದೆ. ಅಷ್ಟರಲ್ಲಿ ಇನ್ನೊಂದು ಡಿಸ್ಕಿನಲ್ಲಿ ಲಿನಕ್ಸ್ ಹಾಕಿ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸ್ಟೀಮ್‌ನ ಪ್ರೋಟಾನ್ ಮೂಲಕ ನಿಮ್ಮ ಆಟಗಳನ್ನು ಒಂದೊಂದಾಗಿ ಆಡಿ ನೋಡಿ. ವ್ಯಾಲರಂಟ್ ಆಡುವವರಿಗೆ ಮಾತ್ರ ಆ ದಾರಿಯೂ ಇಲ್ಲ. ಆಟದಲ್ಲಿ ಮೋಸ ತಡೆಯುವ ಅದರ ವ್ಯಾಂಗಾರ್ಡ್ ಸಾಫ್ಟ್‌ವೇರ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ.